ಹಳೆಯ ಸೀರೆಯ ಕೌದಿಯೂ ಉಡುಗೊರೆಯೇ

ಮಾನ್ಯ ಸಂಪಾದಕರೇ,

ಶುಭಕಾರ್ಯಗಳಲ್ಲಿ ವಸ್ತುಗಳನ್ನು ಉಡುಗೊರೆ ಕೊಡುವ ರೂಢಿಯನ್ನು ಬಿಟ್ಟು ಲಕೋಟೆಯಲ್ಲಿ ನಗದು ಇಟ್ಟು ಕೊಡುವುದೇ ಎಲ್ಲರಿಗೂ ಅನುಕೂಲವೆಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಒಂದೇ ಮದುವೆಗೆ ಬಂದ ಏಳು ಗೋಡೆ ಗಡಿಯಾರಗಳ ಲೆಕ್ಕವನ್ನು ಓದಿ ನನಗೆ ನಗು ಬಂತು. ನಮ್ಮ ಮನೆಯ ಅಟ್ಟದ ಮೇಲೂ ಡಬ್ಬಿ ಬಿಚ್ಚದ ಗಡಿಯಾರಗಳು ನಾಲ್ಕಿರುವುದರಿಂದ ಅವರ ಮಾತನ್ನು ಪೂರ್ತಿ ತಳ್ಳಿಹಾಕುವ ಸ್ಥಿತಿಯಲ್ಲಿಯೂ ನಾನಿಲ್ಲ. ಆದರೆ ಪತ್ರದ ಕೊನೆಗೆ, ಕೆಲವರಂತೂ ದುಡ್ಡು ಉಳಿಸುವ ಸಲುವಾಗಿ ಮನೆಯ ಹಳೆಯ ಬಟ್ಟೆಯಲ್ಲಿ ಹೊಲಿದ ಹೊದಿಕೆ, ಚೀಲಗಳನ್ನೇ ತಂದು ಕೊಡುತ್ತಾರೆ ಎಂದು ಅವರು ಸೇರಿಸಿದ್ದ ಸಾಲಿಗೆ ಉತ್ತರ ಬರೆಯದೆ ಇರಲಾಗಲಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಹೊಲಿಗೆ ಶಿಕ್ಷಕಿಯಾಗಿದ್ದು ನಿವೃತ್ತಳಾಗಿರುವ ನಾನು ಆ ‘ಕೆಲವರ’ ಪೈಕಿ ಒಬ್ಬಳು.

ದುಡ್ಡು ಉಳಿಸುವ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಕಳೆದ ಚಳಿಗಾಲದಲ್ಲಿ ನನ್ನ ತಮ್ಮನ ಮಗನ ಹೊಸ ಮನೆಗೆಂದು ಇಬ್ಬರು ಹೊದೆಯುವಷ್ಟು ದೊಡ್ಡ ಕೌದಿಯೊಂದನ್ನು ಹೊಲಿದೆ. ದೀಪಾವಳಿ ಮುಗಿದ ಮೇಲೆ ಶುರು ಮಾಡಿದ್ದು ಸಂಕ್ರಾಂತಿಯ ಹೊತ್ತಿಗೆ ಮುಗಿಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಕಿಕೊಂಡ ಗುರುತುಗಳ ಪ್ರಕಾರ ನಾನು ಅದಕ್ಕಾಗಿ ಕೂತದ್ದು 54 ಮಧ್ಯಾಹ್ನ, ದಿನಕ್ಕೆ ಸುಮಾರು ಎರಡು ತಾಸು. ಎಂಟು ತಾಸಿಗೆ ಒಂದು ದಿನವೆಂದು ಹಿಡಿದರೂ ಹದಿಮೂರೂವರೆ ದಿನದ ಕೂಲಿಯಾಯಿತು. ಅಷ್ಟು ಕೂಲಿಗೆ ಪೇಟೆಯಲ್ಲಿ ಜರಿಹೂವಿನ ಡಬ್ಬಿಯಲ್ಲಿಟ್ಟ, ಮುಟ್ಟಿದರೆ ಬೆಕ್ಕಿನ ಮೈಯಂತಿರುವ ಪಾಲಿಯೆಸ್ಟರ್ ಬ್ಲಾಂಕೆಟ್ಟುಗಳು ಒಂದಲ್ಲ, ನಾಲ್ಕಾರು ಬರುತ್ತವೆ. ಉಳಿತಾಯವೇ ಉದ್ದೇಶವಾಗಿದ್ದರೆ ಯಾವ ಬುದ್ಧಿವಂತಳೂ ಕೌದಿ ಹೊಲಿಯಲು ಕೂರುವುದಿಲ್ಲ.

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಸೀಮೆಯಲ್ಲಿ ಬೆಳೆದವರಿಗೆ ಕೌದಿಯನ್ನು ಪರಿಚಯಿಸಬೇಕಾಗಿಲ್ಲವಾದರೂ, ಹೊದ್ದವರೆಲ್ಲರೂ ಹೊಲಿದವರಲ್ಲವಾದ್ದರಿಂದ ಅದರ ಕೆಲಸವನ್ನು ಸ್ವಲ್ಪ ಹೇಳುತ್ತೇನೆ. ಮೊದಲು ಸೀರೆಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಗೆದು, ಗಂಜಿಯ ಪಸೆಯಿಲ್ಲದಂತೆ ಮಾಡಿ, ಬಿಸಿಲಿಗೆ ಒಣಗಿಸಿಕೊಳ್ಳಬೇಕು. ಅಡಿಗೆ ಗಟ್ಟಿಯಿರುವ ಸೀರೆಯೊಂದನ್ನು ಎರಡು ಭಾಗ ಮಾಡಿ ಅಂಚಿಗೆ ಅಂಚು ಕೂಡಿಸಿ ನೆಲದ ಮೇಲೆ ಹಾಸುವುದು. ಸರಿಯದಂತೆ ನಾಲ್ಕು ಮೂಲೆಗೂ ಒಳಕಲ್ಲಿನ ಗುಂಡು, ತಾಮ್ರದ ತಂಬಿಗೆ, ಹೀಗೆ ಕೈಗೆ ಸಿಕ್ಕ ಭಾರದ ವಸ್ತುವನ್ನು ಇಡುವುದು. ಅದರ ಮೇಲೆ ಸವೆದ ಧೋತರ, ಸೀರೆಯ ಒಡಲಿನ ತುಂಡುಗಳು, ಲುಂಗಿ, ಬಣ್ಣಗೆಟ್ಟ ಹಾಸಿಗೆ ಬಟ್ಟೆ ಇವನ್ನೆಲ್ಲ ನಾಲ್ಕೈದು ಪದರವಾಗಿ, ಎಲ್ಲಿಯೂ ದಪ್ಪ ತೆಳುವಾಗದಂತೆ ಹರಡಿ, ಎಲ್ಲಕ್ಕಿಂತ ಮೇಲಕ್ಕೆ ಕಣ್ಣಿಗೆ ಕಾಣುವ ಬಣ್ಣದ ತೇಪೆಗಳನ್ನು ಜೋಡಿಸಿ, ಉದ್ದುದ್ದ ಕಚ್ಚಾ ಹೊಲಿಗೆಯಿಂದ ಹಿಡಿಸಿಕೊಂಡ ಮೇಲೆಯೇ ನಿಜವಾದ ಹೊಲಿಗೆ ಶುರುವಾಗುತ್ತದೆ. ಅದು ಅಂಚಿನಿಂದ ಹೊರಟು ಸುತ್ತು ಸುತ್ತಾಗಿ ಒಳಗೆ ಸಾಗುತ್ತದೆ. ಸುತ್ತಿನಿಂದ ಸುತ್ತಿಗೆ ಒಂದು ಬೆರಳಿನ ಅಂತರ; ಒಂದೊಂದು ಹೊಲಿಗೆಯೂ ಅಕ್ಕಿಯ ಕಾಳಿನಷ್ಟು. ಆರು ಪದರದ ಬಟ್ಟೆಯಲ್ಲಿ ದಪ್ಪ ಸೂಜಿ ಇಳಿಸುವಾಗ ನಡುಬೆರಳಿಗೆ ಬಟ್ಟೆ ಸುತ್ತಿಕೊಳ್ಳದಿದ್ದರೆ ಮೂರನೆಯ ದಿನಕ್ಕೆ ಸೂಜಿ ಹಿಡಿಯಲಾಗುವುದಿಲ್ಲ. ನಮ್ಮ ಮನೆಯಲ್ಲಿ ಅವ್ವ ನಟ್ಟನಡುವಿನ ಕೊನೆಯ ಸುತ್ತು ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಅಕ್ಕಿ, ಒಂದು ಚಿಟಿಕೆ ಅರಿಸಿನ ಇಡುತ್ತಿದ್ದಳು. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಿದ್ದಳು. ನಾನೂ ಇಡುತ್ತೇನೆ.

ಈ ಕೆಲಸದಲ್ಲಿ ತಪ್ಪಿಗೂ ಕೊರತೆಯಿಲ್ಲ. ನನ್ನ ಅಕ್ಕನ ಮಗಳ ಚೊಚ್ಚಲ ಬಾಣಂತನಕ್ಕೆಂದು ನಾನು ಹೊಲಿದ ಮೊದಲ ಪುಟ್ಟ ಕೌದಿಯಲ್ಲಿ ಅಪ್ಪನ ಬಿಳಿಯ ಧೋತರದ ಪಕ್ಕಕ್ಕೆ ಅವ್ವನ ಇಳಕಲ್ ಸೀರೆಯ ಕೆಂಪು ಸೆರಗಿನ ತೇಪೆ ಇಟ್ಟಿದ್ದೆ. ಹತ್ತಿಯ ಒಡಲು, ರೇಷ್ಮೆಯ ಸೆರಗು ಇರುವ ಆ ಸೀರೆಯನ್ನು ಅವ್ವ ಹಬ್ಬಕ್ಕಷ್ಟೇ ಉಟ್ಟು ಮಡಿಸಿಡುತ್ತಿದ್ದುದರಿಂದ ಅದು ನೀರು ಕಂಡದ್ದು ಕಡಿಮೆ ಎಂಬುದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ಮೊದಲ ಸಲ ಒಗೆದಾಗ ಧೋತರವೆಲ್ಲ ದಾಸವಾಳದ ರಸ ಚೆಲ್ಲಿದ ಹಾಗಾಯಿತು. ನಾನು ಕಣ್ಣೀರು ಹಾಕುತ್ತ ಕೂತಿದ್ದರೆ ಅಕ್ಕ, “ಇರಲಿ ಬಿಡವಾ, ಕೂಸಿಗೇನು ಬಣ್ಣ ಗೊತ್ತಾಗ್ತದ?” ಎಂದು ಅದನ್ನೇ ತೊಟ್ಟಿಲಿಗೆ ಹಾಸಿದಳು. ಅಂದಿನಿಂದ ಪ್ರತಿಯೊಂದು ತೇಪೆಯನ್ನೂ ಒದ್ದೆ ಮಾಡಿ ಬಿಳಿಯ ಕರವಸ್ತ್ರದ ಮೇಲೆ ಒತ್ತಿ ನೋಡದೆ ನಾನು ಕೌದಿಗೆ ಸೇರಿಸಿಲ್ಲ. ಹಳೆಯ ಬಟ್ಟೆಯ ಜೊತೆ ಹೊಸ ಬಟ್ಟೆಯ ತುಂಡನ್ನು ಬೆರೆಸುವವರಿಗೂ ಒಂದು ಮಾತು ಹೇಳಬೇಕು: ಹೊಸದು ಮೊದಲ ಒಗೆತಕ್ಕೆ ಕುಗ್ಗುತ್ತದೆ, ಹಳೆಯದು ಕುಗ್ಗಿ ಮುಗಿದಿರುತ್ತದೆ, ಎರಡೂ ಕೂಡಿದಲ್ಲಿ ಕೌದಿ ಹಪ್ಪಳದಂತೆ ಸುರುಟಿಕೊಳ್ಳುತ್ತದೆ.

ಹಳೆಯ ಬಟ್ಟೆಯನ್ನು ಆರಿಸುವುದು ಜಿಪುಣತನದಿಂದಲ್ಲ ಎಂಬುದಕ್ಕೆ ಇದೂ ಒಂದು ಕಾರಣ. ನೂರಾರು ಸಲ ಒಗೆತ ಕಂಡ ಹತ್ತಿಯ ಮೆತುತನವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲು ಬರುವುದಿಲ್ಲ. ಎಳೆಗೂಸಿನ ಮೈಗೆ ಅದೇ ಬೇಕು. ಇನ್ನೊಂದು ಕಾರಣವನ್ನು ತೌರುಮನೆಯಿಂದ ಕೌದಿ ಬಂದ ಹೆಣ್ಣುಮಕ್ಕಳೆಲ್ಲ ಬಲ್ಲರು. ಯಾವ ತೇಪೆ ಅಜ್ಜಿಯದು, ಯಾವುದು ಚಿಕ್ಕಮ್ಮನ ಮದುವೆಯ ಸೀರೆಯದು, ಯಾವುದು ಅಣ್ಣನ ಶಾಲೆಯ ಅಂಗಿಯದು ಎಂದು ಬೆರಳಿಟ್ಟು ಹೇಳುತ್ತ ಮಲಗಿದ ರಾತ್ರಿಗಳು ನಮಗಿವೆ. ‘ಉಡುಗೊರೆ’ ಎಂಬ ಮಾತು ಶುರುವಾಗುವುದೇ ‘ಉಡು’ ಎಂಬುದರಿಂದ ಎಂಬುದನ್ನು ಪತ್ರ ಬರೆದವರು ಒಮ್ಮೆ ಗಮನಿಸಬಹುದು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಇದೇ ಬಗೆಯದು. ಆಫ್ರಿಕಾ ಮೂಲದ ಈ ಜನರ ಮನೆಗಳಲ್ಲಿ ಕವಂದಿಯ ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಫುಲ’ ಎಂಬ ಹೂವನ್ನು ಕೂರಿಸುತ್ತಾರೆ. ಅದಿಲ್ಲದ ಕವಂದಿ ಬತ್ತಲೆ ಎಂದು ಅವರ ಭಾವನೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಎಂಬ ವಿದ್ವಾಂಸರು ಇವುಗಳ ಅಧ್ಯಯನ ಮಾಡಿದ ಮೇಲೆ ಆ ಕವಂದಿಗಳು ಅಮೆರಿಕದಲ್ಲಿಯೂ ಪ್ರದರ್ಶನಗೊಂಡಿವೆ. ಸವೆದ ಸೀರೆ, ಹರಿದ ಅಂಗಿಗಳ ಅದೇ ಹೊಲಿಗೆ ಅಲ್ಲಿ ಗೋಡೆಗೇರಿದರೆ ಕಲೆಯಾಗುವುದು, ಇಲ್ಲಿ ಮದುವೆಯ ಮಂಟಪಕ್ಕೆ ಬಂದರೆ ಉಳಿತಾಯವಾಗುವುದು ನನಗೆ ಅರ್ಥವಾಗದ ಲೆಕ್ಕ.

ಚೀಲದ ಮಾತಿಗೆ ಬರುತ್ತೇನೆ. ಅದೇ ತಮ್ಮನ ಮಗನ ಗೃಹಪ್ರವೇಶಕ್ಕೆ ತಾಂಬೂಲದ ಚೀಲಗಳನ್ನೂ ನಾನೇ ಹೊಲಿದುಕೊಟ್ಟೆ, ಒಟ್ಟು 120. ಒಂದು ಸೀರೆಯಲ್ಲಿ ಸವೆದ ಭಾಗ ಬಿಟ್ಟು, ಬಟ್ಟೆ ತೆಳುವಾದ್ದರಿಂದ ಎರಡು ಪದರ ಹಾಕಿ ಹೊಲಿದರೆ, ತೆಂಗಿನಕಾಯಿ ಹಿಡಿಸುವ ಹತ್ತು ಚೀಲ ಬರುತ್ತವೆ. ತಳದ ಎರಡು ಮೂಲೆಗಳನ್ನು ತ್ರಿಕೋನವಾಗಿ ಹಿಡಿದು ಅಡ್ಡ ಹೊಲಿಗೆ ಹಾಕಿದರೆ ಚೀಲಕ್ಕೆ ಕೂರುವ ತಳ ಬರುತ್ತದೆ. ಹಿಡಿಕೆಯ ಬುಡಕ್ಕೆ ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಓಡಿಸಿದರೆ ಕಾಯಿಯ ಭಾರಕ್ಕೆ ಕಿತ್ತುಬರುವುದಿಲ್ಲ. ಇದನ್ನು ಕೈಯಲ್ಲಿ ಹೊಲಿಯುವ ಹಟ ನನಗಿಲ್ಲ, ಕಾಲ್ಮಣೆಯ ಮಷಿನ್ನಿನಲ್ಲಿಯೇ ಹೊಲಿದೆ. ಸಾವಿರ ಜನರ ಮದುವೆಗೆ ಇದು ಆಗುವ ಮಾತಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ನೂರು, ನೂರೈವತ್ತು ಜನರ ಕಾರ್ಯಕ್ಕೆ ಮನೆಯ ಇಬ್ಬರು ಸೇರಿದರೆ ತಿಂಗಳೊಪ್ಪತ್ತಿನ ಕೆಲಸ.

ಈಗ ಸಮಾರಂಭಗಳಲ್ಲಿ ವಧೂವರರ ಹೆಸರು ಅಚ್ಚು ಹಾಕಿಸಿ ಕೊಡುವ, ಬಟ್ಟೆಯಂತೆ ಕಾಣುವ ಚೀಲವನ್ನು ಬಹಳ ಜನ ಬಟ್ಟೆಯ ಚೀಲವೆಂದೇ ನಂಬಿದ್ದಾರೆ. ಅದು ನೇಯ್ದದ್ದಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಶಾಖದಿಂದ ಒತ್ತಿ ಮಾಡಿದ ಹಾಳೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ 2016ರ ಮಾರ್ಚ್‌ನಲ್ಲಿಯೇ ನಿಷೇಧ ಬಂತು. ಕೇಂದ್ರದ ನಿಯಮಗಳು ಈ ನೇಯದ ಚೀಲವನ್ನೂ ಪ್ಲಾಸ್ಟಿಕ್ಕೆಂದೇ ಎಣಿಸಿ, ಚದರ ಮೀಟರಿಗೆ 60 ಗ್ರಾಮ್‌ಗಿಂತ ತೆಳುವಾದುದನ್ನು 2021ರ ಸೆಪ್ಟೆಂಬರ್ 30ರಿಂದ ತಡೆದಿವೆ. ಬೆಂಕಿಕಡ್ಡಿ ತೋರಿಸಿದರೆ ಹತ್ತಿಯ ಬಟ್ಟೆ ಬೂದಿಯಾಗುತ್ತದೆ, ಇದು ಕರಗಿ ಹನಿಯುತ್ತದೆ. ಅಷ್ಟರಲ್ಲಿಯೇ ವ್ಯತ್ಯಾಸ ತಿಳಿಯುತ್ತದೆ. ಬಿಸಿಲಿನಲ್ಲಿ ನಾಲ್ಕು ತಿಂಗಳು ತೂಗುಹಾಕಿದರೆ ಹುಡಿಹುಡಿಯಾಗಿ ಉದುರುವ ಅದಕ್ಕಿಂತ, ಎಲೆಯಡಿಕೆಯ ನಮ್ಮ ಹಿಂದಿನ ಸಂಚಿಯೇ ಎಷ್ಟೋ ಮೇಲು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಎಂದು ಒಳಗೊಳಗೇ ಮನೆಗಳಿದ್ದ, ದಾರ ಎಳೆದರೆ ಬಾಯಿ ಮುಚ್ಚುವ ಆ ಸಂಚಿಯನ್ನು ಮನೆಯ ಹಿರಿಯರಿಗೆ ಹೆಣ್ಣುಮಕ್ಕಳೇ ಹೊಲಿದುಕೊಡುತ್ತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಕವಯಿತ್ರಿ ಹೊನ್ನಮ್ಮನ ಹೆಸರಿನ ಹಿಂದೆ ನಿಂತಿರುವುದು ಅದೇ ಸಂಚಿ.

ಕೌದಿಯಂತಹ ಉಡುಗೊರೆ ಕಡಿಮೆಯಾಗುತ್ತಿರುವುದಕ್ಕೆ ಹೊಲಿಯುವವರ ಸೋಮಾರಿತನವೊಂದೇ ಕಾರಣವಲ್ಲ. ಹೊಲಿಯಲು ತಕ್ಕ ಬಟ್ಟೆಯೇ ಮನೆಗಳಲ್ಲಿ ಉಳಿದಿಲ್ಲ. ಪಾಲಿಯೆಸ್ಟರ್ ಸೀರೆ ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಪದರ ಹಾಕಿದರೆ ಒಂದರ ಮೇಲೊಂದು ನಿಲ್ಲದೆ ಜಾರುತ್ತದೆ. ಇದ್ದ ಹತ್ತಿ ಸೀರೆಗಳನ್ನು, ಹಳೆಯ ಬಟ್ಟೆಗೆ ಪಾತ್ರೆ ಕೊಡುವವರು ಓಣಿಗೆ ಬಂದಾಗ ಒಂದು ಸ್ಟೀಲಿನ ಡಬ್ಬಿಗೆ ಆರರಂತೆ ನಾವೇ ಹಾಕಿಬಿಟ್ಟಿದ್ದೇವೆ. ನಾನೂ ಹಾಕಿದವಳೇ, ಅವ್ವ ತೀರಿಕೊಂಡ ವರ್ಷ ಅವಳ ಎರಡು ಗಂಟು ಸೀರೆಗಳನ್ನು ಕೊಟ್ಟು ಬಂದ ಇಡ್ಲಿಪಾತ್ರೆ ಈಗಲೂ ಮನೆಯಲ್ಲಿದೆ, ಅದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಸ್ವತಃ ಹೊಲಿಯಲು ಬಿಡುವಿಲ್ಲದವರು “ಕೌದಿ ಹೊಲೀತೀವ್ರೀ” ಎಂದು ಕೂಗುತ್ತ ಓಣಿಗಳಲ್ಲಿ ಬರುವ ಹೆಣ್ಣುಮಕ್ಕಳಿಗೆ ತಮ್ಮ ಮನೆಯ ಸೀರೆಗಳನ್ನು ಕೊಟ್ಟು ಹೊಲಿಸಬಹುದು. ಅದೂ ಅಷ್ಟೇ ಒಳ್ಳೆಯ ಉಡುಗೊರೆ. ಆದರೆ ಬಟ್ಟೆ ನಮ್ಮದೇ ಅಲ್ಲವೇ ಎಂದು ಅವರ ಕೂಲಿಯಲ್ಲಿ ಚೌಕಾಸಿ ಮಾಡುವುದು ನ್ಯಾಯವಲ್ಲ. ಮೇಲೆ ಹೇಳಿದ ತಾಸುಗಳ ಲೆಕ್ಕ ಅವರ ಬೆನ್ನಿಗೂ ಕಣ್ಣಿಗೂ ಅನ್ವಯಿಸುತ್ತದೆ. ಹಾಗೆಯೇ, ನಿನಗೆ ಹೇಗೂ ಹೊತ್ತು ಹೋಗುವುದಿಲ್ಲ, ನನ್ನ ನಾದಿನಿಗೂ ಒಂದು ಹೊಲಿದುಕೊಡು ಎಂದು ಹೇಳಿಕಳಿಸುವ ಬಂಧುಗಳಲ್ಲಿಯೂ ನನ್ನ ವಿನಂತಿಯಿದೆ. ನಾನು ಕೊಡುವುದು ನಾನು ಆರಿಸಿಕೊಂಡವರಿಗೆ. ಬೇರೆಯವರಿಗೆ ಬೇಕಾದರೆ ಸೀರೆಗಳನ್ನು ತಂದು ನನ್ನೊಡನೆ ಕೂರಲಿ, ಸೂಜಿ ದಾರ ನನ್ನದು.

ನಗದಿನ ವಿಷಯದಲ್ಲಿ ನನ್ನ ತಕರಾರಿಲ್ಲ. ನಮ್ಮಲ್ಲಿ ಮುಯ್ಯಿ ಮೊದಲಿನಿಂದಲೂ ಇದೆ. ಯಾರು ಎಷ್ಟು ಕೊಟ್ಟರೆಂದು ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅಷ್ಟನ್ನು ತೀರಿಸಿ ಬರುವ ಪದ್ಧತಿಯಿಂದ ಎಷ್ಟೋ ಬಡವರ ಮದುವೆಗಳು ನಡೆದಿವೆ. ಕೌದಿ ಆ ಪುಸ್ತಕಕ್ಕೆ ಹೊಂದುವುದಿಲ್ಲ, ಅಷ್ಟೆ. ಗೃಹಪ್ರವೇಶದ ದಿನ ಬರೆಯಲು ಕೂತಿದ್ದ ಹುಡುಗ ನನ್ನ ಹೆಸರಿನ ಮುಂದೆ ಏನು ಬರೆಯುವುದೆಂದು ತಿಳಿಯದೆ ಪೆನ್ನು ಎತ್ತಿ ಹಿಡಿದು ಕೂತಿದ್ದ; ಕೊನೆಗೆ “ಕೌದಿ – 1” ಎಂದು ಬರೆದು, ಮೊತ್ತದ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ ಎಳೆದ.

ಪತ್ರ ಬರೆದ ಓದುಗರ ಮನೆಗೂ ಅಂಥದೊಂದು ಹೊದಿಕೆ ಬಂದು ಅಟ್ಟದ ಮೇಲೆ ಬಿದ್ದಿದ್ದರೆ, ಅದನ್ನೊಮ್ಮೆ ಕೆಳಗಿಳಿಸಿ ಬಿಸಿಲಿಗೆ ಹಾಕಲಿ, ಯಾವ ತೇಪೆ ಯಾರದೆಂದು ಕೊಟ್ಟವರನ್ನು ಕೇಳಲಿ. ಆಮೇಲೂ ಬೇಡವೆನಿಸಿದರೆ ಪಾತ್ರೆಯವರಿಗೆ ಹಾಕದೆ, ಹೊಲಿದವರಿಗೇ ಮರಳಿ ಮುಟ್ಟಿಸಲಿ. ಸವೆದ ಕೌದಿ ಹೊಸ ಕೌದಿಯ ಒಳಪದರಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆಯಾದ್ದರಿಂದ ಅವರಿಗೆ ಬೇಸರವೇನೂ ಆಗಲಾರದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಹೊಲಿಗೆ ಶಿಕ್ಷಕಿ, ಧಾರವಾಡ