"ಬಂತಾ?" ಅಂತ ಕೇಳುವುದು ನಿಲ್ಲಲಿ: ಗ್ರಾಮೀಣಾಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಬಡ ರೈತರ ಕೈಗೆ ನೇರವಾಗಿ ದುಡ್ಡು ಕೊಡಬೇಕೋ ಬೇಡವೋ ಅನ್ನುವ ಜಗಳಕ್ಕೆ ಈ ಪತ್ರ ಬರೆಯುತ್ತಿಲ್ಲ. ಕೊಡಬೇಕು ಅಂತ ನೀವು ಒಪ್ಪಿದ್ದೀರಿ, ಕೊಡುತ್ತಲೂ ಇದ್ದೀರಿ. ನನ್ನ ತಕರಾರು ಒಂದೇ. ಯಾವತ್ತು ಕೊಡುತ್ತೀರಿ ಅಂತ ಯಾರಿಗೂ ಗೊತ್ತಿಲ್ಲ. ಒಂದು ತಿಂಗಳು ಐದನೇ ತಾರೀಕು, ಮುಂದಿನ ತಿಂಗಳು ಇಪ್ಪತ್ತೆಂಟು, ಆಮೇಲೆ ಎರಡು ತಿಂಗಳು ಸುದ್ದಿಯೇ ಇಲ್ಲ. ನೀರು ತರುವಾಗ, ಬಸ್ಸಿನಲ್ಲಿ, ಹೊಲದ ಬದುವಿನ ಮೇಲೆ ಹೆಂಗಸರು ಒಬ್ಬರನ್ನೊಬ್ಬರು ಕೇಳುವ ಮೊದಲ ಮಾತು "ಬಂತಾ?" ಅಂತ.

ನಾನು ಬೇಸಾಯದ ಮನೆಯಲ್ಲಿ ಬೆಳೆದವನು. ಮಳೆ ನಂಬಿದ ತುಂಡು ಹೊಲ. ಸುಗ್ಗಿಯಲ್ಲಿ ಒಂದಿಷ್ಟು ದುಡ್ಡಿನ ಮುಖ ನೋಡುತ್ತಿದ್ದೆವು, ಅದೂ ಸ್ವಲ್ಪ ಹೊತ್ತು. ಸಾಲ ಕೊಟ್ಟವರು ಕಣಕ್ಕೇ ಬಂದು ಕೂರುತ್ತಿದ್ದರು. ಬಿತ್ತನೆಯಾಗಿ ತಿಂಗಳು ಕಳೆಯುವಷ್ಟರಲ್ಲಿ ಮನೆಯ ಕಾಳಿನ ಮೂಟೆ ತಳ ಕಾಣುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಹೊಲದಲ್ಲಿ ಕಳೆ ಏಳುತ್ತದೆ. ಅಮ್ಮ ಬೆಳಿಗ್ಗೆ ಕಳೆ ತೆಗೆಯೋದಕ್ಕೇ ಹೊರಡುತ್ತಿದ್ದರು, ಆದರೆ ಬೇರೆಯವರ ಹೊಲಕ್ಕೆ, ಕೂಲಿಗೆ. ನಮ್ಮ ಹೊಲ ದಾಟಿಯೇ ಹೋಗಬೇಕಿತ್ತು. ಕಳೆ ಪೈರಿಗಿಂತ ಎತ್ತರ ಬಂದಿರುತ್ತಿತ್ತು. ಅಮ್ಮ ಆ ಕಡೆ ತಲೆ ತಿರುಗಿಸುತ್ತಿರಲಿಲ್ಲ.

ಸಂಜೆ ಒಲೆ ಹೊತ್ತಬೇಕಾದರೆ ಅವತ್ತಿನ ಕೂಲಿ ಬೇಕು. ಸ್ವಂತ ಹೊಲದಲ್ಲಿ ದುಡಿದಿದ್ದಕ್ಕೆ ಪ್ರತಿಫಲ ಸಿಗೋದು ನಾಲ್ಕು ತಿಂಗಳ ಮೇಲೆ. ಹಾಗಾಗಿ ನಮ್ಮ ಬೆಳೆ ಕಳೆಯ ಪಾಲು. ಮುಂದಿನ ವರ್ಷ ಮೂಟೆ ಇನ್ನೂ ಬೇಗ ಖಾಲಿ. ಮಲಾವಿ ದೇಶದಲ್ಲಿ ಇಂಥ ಕೂಲಿಗೆ 'ಗನ್ಯು' ಅಂತ ಹೆಸರೇ ಇದೆ. ಅಲ್ಲಿಯ ಬಡ ರೈತರ ಕಥೆಯೂ ಇದೇ.

ತಿಂಗಳು ತಿಂಗಳು ಬರುವ ದುಡ್ಡು ಮುಟ್ಟೋದು ಈ ಕಗ್ಗಂಟನ್ನು. ಜಾಂಬಿಯಾ ದೇಶ 2010ರಲ್ಲಿ ಚಿಕ್ಕ ಮಕ್ಕಳಿರುವ ಹಳ್ಳಿ ಮನೆಗಳಿಗೆ ದುಡ್ಡು ಕೊಡಲು ಶುರು ಮಾಡಿತು. ಷರತ್ತಿಲ್ಲ, ಎರಡು ತಿಂಗಳಿಗೊಮ್ಮೆ ಪಾವತಿ. ದೊಡ್ಡ ಮೊತ್ತವೇನೂ ಅಲ್ಲ. ಆದರೆ ಬಹುಮಟ್ಟಿಗೆ ತಪ್ಪದೆ ಬಂತು. ಹಿಂದೆ ಬಿದ್ದು ನೋಡಿದವರಿಗೆ ಕಂಡಿದ್ದು ಏನು ಗೊತ್ತಾ? ಊಟ ಸುಧಾರಿಸಿತ್ತು, ಅದು ಯಾರಾದರೂ ಊಹಿಸಬಹುದಾದದ್ದು. ಅದರ ಜೊತೆಗೆ ಜನ ಬೇರೆಯವರ ಹೊಲದ ಕೂಲಿ ಕಮ್ಮಿ ಮಾಡಿ ತಮ್ಮ ಹೊಲದಲ್ಲಿ ಜಾಸ್ತಿ ದುಡಿದಿದ್ದರು. ಬಿತ್ತುವ ಜಾಗ ಹೆಚ್ಚಿತ್ತು. ಬೀಜ, ಗೊಬ್ಬರಕ್ಕೆ ಹಾಕಿದ್ದರು. ಕೋಳಿ, ಆಡು ಕಟ್ಟಿಕೊಂಡಿದ್ದರು. 'ಸುಮ್ನೆ ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ' ಅನ್ನುವವರಿಗೆ ನಾನು ಜಾಂಬಿಯಾದ ಈ ಮಾತು ಹೇಳುತ್ತೇನೆ. ಅವರು ಕೇಳಿಸಿಕೊಳ್ಳುವುದಿಲ್ಲ, ಅದು ಬೇರೆ ವಿಷಯ.

ಈಗ ಘಾನಾ ನೋಡಿ. ಅಲ್ಲೂ 2008ರಲ್ಲಿ ಶುರುವಾದ 'ಲೀಪ್' ಅನ್ನುವ ಇಂಥದ್ದೇ ಯೋಜನೆ ಇದೆ. ಮೊದಲ ವರ್ಷಗಳಲ್ಲಿ ಮೊತ್ತ ತೀರಾ ಚಿಕ್ಕದಿತ್ತು. ಜೊತೆಗೆ ಕಂತು ಯಾವಾಗ ಬರುತ್ತದೆ ಅನ್ನೋದಕ್ಕೆ ಗ್ಯಾರಂಟಿ ಇರಲಿಲ್ಲ. 2011ರಲ್ಲಿ ತಿಂಗಳುಗಟ್ಟಲೆ ನಿಂತುಹೋಯಿತು. 2012ರ ಶುರುವಿನಲ್ಲಿ ಮೂರು ಕಂತು ಒಟ್ಟಿಗೆ ಸುರಿದರು. ಮನೆಗಳ ಲೆಕ್ಕ ನೋಡಿದಾಗ ತಿನ್ನುವ ಉಣ್ಣುವ ಖರ್ಚು ಹೆಚ್ಚಿರಲೇ ಇಲ್ಲ. ಜನ ಸಾಲ ತೀರಿಸಿದ್ದರು, ಒಂದಿಷ್ಟು ಉಳಿಸಿಕೊಂಡಿದ್ದರು. ಕೆಟ್ಟದ್ದು ಅನ್ನಲಾರೆ. ಆದರೆ ಮುಂದಿನ ಕಂತು ನಂಬಿ ಯಾರೂ ಒಂದು ತುತ್ತು ಜಾಸ್ತಿ ಉಂಡಿರಲಿಲ್ಲ. ಯಾಕೆ ಉಣ್ಣಬೇಕು ಹೇಳಿ? ನಾಳೆ ಸಿಗುತ್ತದೋ ಇಲ್ಲವೋ ಅನ್ನುವ ದುಡ್ಡಿನ ಮೇಲೆ ಇವತ್ತಿನ ಅಡುಗೆ ನಡೆಯುತ್ತದಾ?

ನಮ್ಮ ಮನೆಯದ್ದೇ ಹೇಳುತ್ತೇನೆ. ಈಗ ಹೊಲ ನೋಡಿಕೊಳ್ಳುವುದು ಅಣ್ಣ ಅತ್ತಿಗೆ. ದುಡ್ಡು ಬರುವುದು ಅತ್ತಿಗೆಯ ಖಾತೆಗೆ. ನಡುವೆ ಒಂದು ಆರು ತಿಂಗಳು ಅದು ಹೇಗೋ ಸರಿಯಾಗಿ ಬಂತು. ಅತ್ತಿಗೆ ಅಡುಗೆಮನೆ ಗೋಡೆ ಮೇಲೆ ಇದ್ದಿಲಿನಿಂದ ಗೆರೆ ಎಳೆದಿದ್ದರು, ಬಂದ ಒಂದೊಂದು ಕಂತಿಗೆ ಒಂದೊಂದು ಗೆರೆ. ನಾಲ್ಕನೇ ಗೆರೆಯ ಹೊತ್ತಿಗೆ ಮನೆ ನಡೆಯುವ ರೀತಿಯೇ ಬದಲಾಗಿತ್ತು. ಅಂಗಡಿಯವರು ಸಾಮಾನು ಕಡ ಕೊಡಲು ಮುಖ ಸಿಂಡರಿಸುತ್ತಿರಲಿಲ್ಲ, ತಿಂಗಳ ಕೊನೆಗೆ ಬರುತ್ತದೆ ಅಂತ ಅವರಿಗೂ ಗೊತ್ತಿತ್ತು. ಸುಗ್ಗಿಯಲ್ಲಿ ಅಣ್ಣ ಕಣದಲ್ಲೇ ಕಾಳು ಮಾರಲಿಲ್ಲ. ಎಲ್ಲರೂ ಒಟ್ಟಿಗೆ ಮಾರುವಾಗ ಬೆಲೆ ನೆಲ ಕಚ್ಚಿರುತ್ತದೆ, ಎರಡು ತಿಂಗಳು ಕಾದರೆ ಏರುತ್ತದೆ ಅಂತ ಅವನಿಗೆ ಮೊದಲಿಂದಲೂ ಗೊತ್ತು. ಕಾಯುವ ತಾಕತ್ತು ಇರಲಿಲ್ಲ ಅಷ್ಟೇ. ಆ ವರ್ಷ ಕಾದ. ಅತ್ತಿಗೆ ಎರಡು ಹೆಣ್ಣಾಡು ತಂದರು.

ಏಳನೇ ಗೆರೆ ಬೀಳಲಿಲ್ಲ. ಎಂಟನೆಯದೂ ಇಲ್ಲ. ಕಚೇರಿಗೆ ಹೋದರೆ 'ಮೇಲಿಂದ ಬಂದಿಲ್ಲ' ಅಂದರು. ಹೋಗಿ ಬರುವುದರಲ್ಲಿ ಒಂದು ದಿನದ ಕೂಲಿ ಹೋಯಿತು. ಅಷ್ಟರಲ್ಲಿ ಮಗುವಿಗೆ ಜ್ವರ. ಗಬ್ಬದ ಆಡನ್ನು, ಇನ್ನು ಮೂರು ವಾರದಲ್ಲಿ ಮರಿ ಹಾಕಬೇಕಿದ್ದದ್ದನ್ನು, ಸಿಕ್ಕಿದ ಬೆಲೆಗೆ ಮಾರಿದರು. ಹತ್ತನೇ ತಿಂಗಳು ಬಾಕಿ ಎಲ್ಲ ಒಟ್ಟಿಗೆ ಬಂತು, ಒಂದು ಪೈಸೆಯೂ ಕಮ್ಮಿ ಇಲ್ಲ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ನಮ್ಮ ಮನೆಗೆ ಏನೂ ನಷ್ಟವಾಗಿಲ್ಲ, ಅಲ್ವಾ?

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದೇ ಇಲ್ಲ. ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರ ಮೇಲೆ ಒಂದು ಅಧ್ಯಯನ ನಡೆದಿತ್ತು, 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಕಟಾವಿಗೆ ಮುಂಚೆ ಕೈ ಖಾಲಿ ಇದ್ದಾಗ ಒಮ್ಮೆ, ಕಟಾವಾಗಿ ದುಡ್ಡು ಬಂದ ಮೇಲೆ ಒಮ್ಮೆ, ಅದೇ ರೈತರಿಗೆ ತಲೆ ಓಡಿಸುವ ಪರೀಕ್ಷೆ ಕೊಟ್ಟರು. ಮನುಷ್ಯರು ಅವರೇ, ಬುದ್ಧಿ ಅದೇ. ಕೈ ಖಾಲಿ ಇದ್ದಾಗ ಮಾಡಿದ್ದಕ್ಕಿಂತ ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದರು. ತಲೆಯ ತುಂಬ 'ನಾಳೆ ಏನು ಗತಿ' ಅನ್ನೋದೇ ಕೂತಿದ್ದರೆ ಬೇರೆಯದಕ್ಕೆ ಜಾಗ ಎಲ್ಲಿ? ನೀವು ತಾರೀಕು ಹೇಳದೆ ದುಡ್ಡು ಕೊಟ್ಟರೆ ಖಾತೆ ತುಂಬುತ್ತದೆ, ತಲೆ ಖಾಲಿ ಆಗುವುದಿಲ್ಲ.

'ಹಾಗಾದರೆ ವರ್ಷಕ್ಕೊಮ್ಮೆ ಒಟ್ಟಿಗೆ ಕೊಟ್ಟುಬಿಡೋಣ, ಕೆಲಸ ಸುಲಭ' ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಆ ಮಾತಲ್ಲಿ ಹುರುಳಿಲ್ಲ ಅನ್ನಲಾರೆ. ಕೀನ್ಯಾದಲ್ಲಿ ಇದನ್ನು ಹೋಲಿಸಿ ನೋಡಿದ್ದಾರೆ. ಕೆಲವು ಮನೆಗಳಿಗೆ ಇಡಿಗಂಟು, ಕೆಲವಕ್ಕೆ ಒಂಬತ್ತು ತಿಂಗಳು ಕಂತು, ಎರಡೂ ಮೊಬೈಲ್ ಮೂಲಕ. ಇಡಿಗಂಟು ಪಡೆದವರು ಬಾಳಿಕೆ ಬರುವ ವಸ್ತುಗಳಿಗೆ ಜಾಸ್ತಿ ಹಾಕಿದರು. ಕಂತು ಪಡೆದವರ ಮನೆಯಲ್ಲಿ ಊಟದ ಚಿಂತೆ ಇನ್ನೂ ಜಾಸ್ತಿ ಇಳಿಯಿತು. ನನ್ನ ಅಭಿಪ್ರಾಯ ಕೇಳಿದರೆ, ತಿಂಗಳ ಕಂತು ಹಾಗೇ ಇರಲಿ, ಬಿತ್ತನೆಗೆ ಮುಂಚಿನ ಕಂತು ಮಾತ್ರ ದೊಡ್ಡದಿರಲಿ. ಬಿತ್ತನೆಗೆ ಹದ ಬಂದಾಗ ದುಡ್ಡು ಬೇಕು. ಹದ ಹೋದ ಮೇಲೆ ಬಂದ ದುಡ್ಡಿಗೆ ಬೀಜ ಸಿಗುತ್ತದೆ, ಬೆಳೆ ಸಿಗುವುದಿಲ್ಲ.

ಗಂಡಸರು ಕುಡಿದು ಹಾಳು ಮಾಡುತ್ತಾರೆ ಅನ್ನುವ ಮಾತಿಗೆ ಜಾಸ್ತಿ ಹೊತ್ತು ಕೊಡುವುದಿಲ್ಲ. ವಿಶ್ವಬ್ಯಾಂಕಿನ ಇಬ್ಬರು 2014ರಲ್ಲಿ ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೆಚ್ಚುಕಡಿಮೆ ಎಲ್ಲ ಕಡೆಯೂ ಕುಡಿತ, ತಂಬಾಕಿನ ಖರ್ಚು ಹೆಚ್ಚಿರಲಿಲ್ಲ, ಕೆಲವು ಕಡೆ ಕಮ್ಮಿಯೇ ಆಗಿತ್ತು.

ಇಷ್ಟೊಂದು ಜನಕ್ಕೆ ಹೇಳಿದ ದಿನ ಕೊಡೋದು ಕಷ್ಟ ಅನ್ನಬೇಡಿ. ಬ್ರೆಜಿಲ್ ದೇಶದಲ್ಲಿ ಬಡ ಮನೆಗಳಿಗೆ ದುಡ್ಡು ಕೊಡುವ ಬೋಲ್ಸಾ ಫಮೀಲಿಯಾ ಯೋಜನೆ 2003ರಲ್ಲಿ ಶುರುವಾಯಿತು, ಕೋಟಿಗಟ್ಟಲೆ ಮನೆಗಳಿಗೆ ಹೋಗುತ್ತದೆ. ಫಲಾನುಭವಿಯ ನಂಬರಿನ ಕೊನೆಯ ಅಂಕಿ ಯಾವುದೋ ಅದರ ಮೇಲೆ ದಿನ. ಇಡೀ ವರ್ಷದ ಪಟ್ಟಿ ಮೊದಲೇ ಹೊರಬರುತ್ತದೆ. ಓದು ಬರಹ ಬಾರದ ಹೆಂಗಸಿಗೂ ತನ್ನ ಅಂಕಿ ಗೊತ್ತಿದ್ದರೆ ಸಾಕು.

ಈ ದುಡ್ಡಿನಿಂದ ಮಳೆ ಬರುವುದಿಲ್ಲ, ಆಸ್ಪತ್ರೆಗೆ ಡಾಕ್ಟರ್ ಬರುವುದಿಲ್ಲ. ಅದೆಲ್ಲ ನಮಗೂ ಗೊತ್ತು. ಮೊತ್ತ ಹೆಚ್ಚಿಸಿ ಅಂತಲೂ ಇವತ್ತು ಕೇಳುತ್ತಿಲ್ಲ, ಬೆಲೆ ಏರಿದ ಹಾಗೆ ಅದು ಕರಗುತ್ತಿದೆ ಅನ್ನುವುದನ್ನು ಮಾತ್ರ ನೆನಪಿಸುತ್ತೇನೆ. ಕೇಳುವುದು ಒಂದು ತಾರೀಕು. ಹೇಳಿದ ತಾರೀಕಿಗೆ ಕೊಡಲು ಆಗದಿದ್ದರೆ, 'ಈ ಸಲ ಹತ್ತು ದಿನ ತಡ' ಅಂತ ಮುಂಚೆಯೇ ಒಂದು ಮೆಸೇಜ್ ಹಾಕಿಸಿ. ಆಗ ಆಡು ಮಾರಬೇಕೋ ಹತ್ತು ದಿನಕ್ಕೆ ಕೈಗಡ ತರಬೇಕೋ ಅಂತ ಅತ್ತಿಗೆ ಯೋಚಿಸಬಹುದು. ಆ ಮೆಸೇಜಿಗೆ ಖಜಾನೆಯಿಂದ ಎಷ್ಟು ಖರ್ಚಾದೀತು?

ನಿನ್ನೆ ರಾತ್ರಿ ಅತ್ತಿಗೆ ಫೋನ್ ಮಾಡಿದ್ದರು. ಗೋಡೆಗೆ ಸುಣ್ಣ ಬಳಿಯುತ್ತಿದ್ದಾರಂತೆ, ಗೆರೆ ಅಳಿಸಿ ಹೋಯಿತು ಅಂದರು. ಈ ತಿಂಗಳದ್ದು ಇನ್ನೂ ಬಂದಿಲ್ಲ.

ಇಂತಿ,
ಒಬ್ಬ ರೈತರ ಮನೆಯ ಮಗ