ಕಾರವಾರದ ಮಳೆಗಾಲದಲ್ಲಿ ಅಗ್ಗದ ಬರ್ಲಿ: ಗೆಳೆಯನಿಗೊಂದು ಪತ್ರ

ಶಿರಸಿ

ಪ್ರೀತಿಯ ಮಂಜು,

ಪೈಪಿಗೆ ಬರ್ಲಿ ತಂಬಾಕು ತುಂಬಿ ಸೇದುವ ಬಗ್ಗೆ ನೀನು ಬರೆದ ಪತ್ರ ಓದಿದೆ. ನಾಲಿಗೆ ತುದಿ ಸುಟ್ಟ ಹಾಗಾಗುತ್ತದೆ, ಅರ್ಧ ಸೇದುವಷ್ಟರಲ್ಲಿ ಪೈಪಿನೊಳಗೆ ಗುಳುಗುಳು ಸದ್ದು, ಎದ್ದು ನಿಂತರೆ ತಲೆ ಗಿರ್ರೆನ್ನುತ್ತದೆ. ಮೂರೂ ದೂರು ಬರೆದು ಕೊನೆಗೆ ‘ಅಗ್ಗದ ಬರ್ಲಿ ಅಲ್ವಾ, ಅದಕ್ಕೇ ಹೀಗೆ’ ಅಂತ ನೀನೇ ತೀರ್ಪನ್ನೂ ಕೊಟ್ಟಿದ್ದೀಯ. ಆ ತೀರ್ಪನ್ನು ಮಾತ್ರ ನಾನು ಒಪ್ಪುವುದಿಲ್ಲ ಮಾರಾಯಾ. ಪೊಟ್ಟಣವನ್ನು ಕಡಲ ಕಡೆಯ ಕಿಟಕಿಯ ಹತ್ತಿರ ಇಡುತ್ತೇನೆ ಅಂತ ಅದೇ ಪತ್ರದಲ್ಲಿ ಬರೆದಿದ್ದೀಯಲ್ಲ, ಅರ್ಧ ಉತ್ತರ ಅಲ್ಲೇ ಇದೆ.

ಮೊದಲು ಎಲೆಯ ಗುಣ ತಿಳಿದುಕೋ. ಈಗ ನಾವು ಬರ್ಲಿ ಅನ್ನುವ ಬಿಳಿ ಬರ್ಲಿ ತಳಿ ಕಾಣಿಸಿಕೊಂಡದ್ದು 1864ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಬ್ರೌನ್ ಕೌಂಟಿಯಲ್ಲಿ. ಗಾಳಿಯಾಡುವ ಕೊಟ್ಟಿಗೆಯಲ್ಲಿ ನೇತುಹಾಕಿ ನೆರಳಲ್ಲೇ ನಾಲ್ಕರಿಂದ ಎಂಟು ವಾರ ಒಣಗಿಸುತ್ತಾರೆ. ಅಷ್ಟು ನಿಧಾನವಾಗಿ ಒಣಗುವಾಗ ಎಲೆ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವುದು ವರ್ಜೀನಿಯಾ ಎಂಬ ಇನ್ನೊಂದು ಬಗೆಯ ತಂಬಾಕು. ಅದನ್ನು ಬ್ಯಾರನ್ ಎಂಬ ಮುಚ್ಚಿದ ಕೋಣೆಯಲ್ಲಿ ಬಿಸಿ ಕೊಟ್ಟು ಕೆಲವೇ ದಿನಗಳಲ್ಲಿ ಹದ ಮಾಡುವುದರಿಂದ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಬರ್ಲಿಯನ್ನು ನಮ್ಮ ದೇಶದಲ್ಲಿ ಆಂಧ್ರದ ವಿನುಕೊಂಡ ಸುತ್ತ ಬೆಳೆಯುತ್ತಾರೆ.

ಸಕ್ಕರೆ ಇಲ್ಲದ ಎಲೆಯ ಹೊಗೆ ಕ್ಷಾರದ ಕಡೆ ವಾಲುತ್ತದೆ. ಇದು ಕವಳ (ಎಲೆಯಡಿಕೆ) ಹಾಕುವವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯೇ ಅಲ್ಲ. ಹೊಗೆಸೊಪ್ಪಿಗೆ ಸುಣ್ಣ ತಾಗಿದರೆ ಮದ್ದು ಏರುತ್ತದೆ. ಸುಣ್ಣದ ಕ್ಷಾರ ನಿಕೋಟಿನ್ ಅನ್ನು ಬಿಡಿಸಿ ಬಾಯಿಯ ಒಳಚರ್ಮಕ್ಕೆ ಇಳಿಸುತ್ತದೆ. ಬರ್ಲಿಯ ಹೊಗೆ ಆ ಸುಣ್ಣವನ್ನು ತನ್ನೊಳಗೇ ಇಟ್ಟುಕೊಂಡ ಹಾಗೆ. ಎದೆಗೆ ಎಳೆಯದಿದ್ದರೂ ಬಾಯಿಂದಲೇ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಜೊತೆಗೆ ಎಲೆಯಲ್ಲಿ ನಿಕೋಟಿನ್ ಪ್ರಮಾಣವೂ ಹೆಚ್ಚು. ನಿನ್ನ ತಲೆ ತಿರುಗುವುದಕ್ಕೆ ಕಾರಣ ಇದು.

ಬರ್ಲಿಯ ಎರಡನೇ ಗುಣವೆಂದರೆ ಎಲೆ ಸ್ಪಂಜಿನ ಹಾಗೆ ಹೀರುತ್ತದೆ. ತನ್ನ ತೂಕದ ಕಾಲು ಭಾಗದಷ್ಟು ದ್ರವ ಕುಡಿಯಬಲ್ಲದು. ಅದಕ್ಕೇ ಕಾರ್ಖಾನೆಯವರು ಕೋಕೊ, ಜ್ಯೇಷ್ಠಮಧು, ಸಕ್ಕರೆ ಪಾಕ ಉಣಿಸುತ್ತಾರೆ. ಈ ಉಣಿಸುವುದಕ್ಕೆ ಕೇಸಿಂಗ್ ಅನ್ನುತ್ತಾರೆ. 1907ರಲ್ಲಿ ಮಾರುಕಟ್ಟೆಗೆ ಬಂದ ಪ್ರಿನ್ಸ್ ಆಲ್ಬರ್ಟ್ ಎಂಬ ಪೈಪ್ ತಂಬಾಕು ಇವತ್ತಿಗೂ ಇದೇ ದಾರಿಯ ಮಾಲು. ಕಾರ್ಟರ್ ಹಾಲ್, ಗ್ರೇಂಜರ್ ಕೂಡ. ಇವು ಅಮೆರಿಕದಲ್ಲಿ ದಿನಸಿ ಅಂಗಡಿಯ ಸರಕು. ಬೇಯಿಸಿದ ಶೇಂಗಾ, ಹುರಿದ ಕೋಕೊ ಹತ್ತಿರದ ರುಚಿ ಅಗ್ಗದ ಪೊಟ್ಟಣದಲ್ಲೂ ಪ್ರಾಮಾಣಿಕವಾಗಿಯೇ ಸಿಗುತ್ತದೆ. ಆದರೆ ಪಾಕದ ಜೊತೆ ಪ್ರೊಪಿಲಿನ್ ಗ್ಲೈಕಾಲ್ ಎಂಬ ಪಸೆ ಹಿಡಿಯುವ ದ್ರವವನ್ನೂ ಸೇರಿಸಿರುತ್ತಾರೆ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಒಣಗದಿರಲಿ ಅಂತ. ಒಣಹವೆಯ ಊರಿಗೆ ಅದು ಸರಿ. ಆಷಾಢದ ಕಾರವಾರದಲ್ಲಿ ಅದೇ ದ್ರವ ಗಾಳಿಯ ನೀರನ್ನು ಕರೆಕರೆದು ಕುಡಿಯುತ್ತದೆ. ನೀನು ಸೇದುತ್ತಿರುವುದು ಹೊಗೆಯಷ್ಟೇ ಅಲ್ಲ, ಅದರ ಜೊತೆ ಕುದಿಯುವ ಹಬೆ. ನಾಲಿಗೆ ಸುಡುವುದು ಆ ಹಬೆಯಿಂದ.

ಹಾಗಾಗಿ ಒಣಗಿಸುವುದೇ ಮುಖ್ಯ ಕೆಲಸ. ಒಂದು ಸಲಕ್ಕೆ ಬೇಕಾಗುವುದು ಸುಮಾರು 2 ಗ್ರಾಂ. ಅಷ್ಟನ್ನೇ ತೆಗೆದು ಬಿಳಿ ಕಾಗದದ ಮೇಲೆ ಎಳೆ ಎಳೆಯಾಗಿ ಬಿಡಿಸಿ ಹರಡು, ಒಂದರ ಮೇಲೊಂದು ಬೀಳದ ಹಾಗೆ. ಚಳಿಗಾಲ, ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಅರ್ಧದಿಂದ ಒಂದು ಗಂಟೆ ಸಾಕು. ಮಳೆಗಾಲದಲ್ಲಿ ಫ್ಯಾನು ಹಾಕಿದರೆ ತಿರುಗುವುದು ಒದ್ದೆ ಗಾಳಿಯೇ, ಏನೂ ಒಣಗುವುದಿಲ್ಲ. ಆಗ ಹಳೇ ಕಾಲದ 40 ವಾಟಿನ ಬಲ್ಬಿರುವ ಮೇಜಿನ ದೀಪ ಹಚ್ಚಿ, ಒಂದು ಗೇಣು ಕೆಳಗೆ ಕಾಗದ ಇಡು. ಹದಿನೈದು ಇಪ್ಪತ್ತು ನಿಮಿಷಕ್ಕೆ ಒಮ್ಮೆ ಮಗುಚು. ಎಲ್‌ಇಡಿ ಬಲ್ಬಿನ ಕಾವು ಇದಕ್ಕೆ ಸಾಲದು. ಬಚ್ಚಲ ಒಲೆಯ ಹತ್ತಿರ ಮಾತ್ರ ಬೇಡ. ಸೌದೆ ಹೊಗೆಯನ್ನೂ ಬರ್ಲಿ ಹೀರಿಕೊಂಡುಬಿಡುತ್ತದೆ.

ಹದ ನೋಡುವುದು ಬೆರಳಲ್ಲಿ. ಒಂದು ಚಿಟಿಕೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಗಟ್ಟಿಯಾಗಿ ಒತ್ತಿ ಬಿಡು. ಉಂಡೆಯಾಗಿ ಹಾಗೇ ಕೂತರೆ ಇನ್ನೂ ಒದ್ದೆ. ಉಸಿರು ಬಿಟ್ಟ ಹಾಗೆ ನಿಧಾನ ಅರಳಿ ಎಳೆಗಳು ಬಿಡಿಸಿಕೊಂಡರೆ ಸರಿಯಾದ ಹದ. ಚರಚರ ಅಂದು ಪುಡಿಯಾದರೆ ಮಿತಿ ಮೀರಿತು. ಕಣ್ಣಿಗೂ ಗೊತ್ತಾಗುತ್ತದೆ: ಒದ್ದೆಯಿದ್ದಾಗ ಕಪ್ಪುಗಂದು, ಹದವಾದಾಗ ತಿಳಿಗಂದು, ಎಳೆಯ ತುದಿ ಸ್ವಲ್ಪ ಮೇಲೆದ್ದಿರುತ್ತದೆ. ಗ್ಲೈಕಾಲ್ ಹೆಚ್ಚಿರುವ ಮಾಲು ಒಣಗಿದ ಮೇಲೂ ಮುಟ್ಟಲು ತುಸು ಜಿಡ್ಡು. ಹಾಗಾಗಿ ಜಿಡ್ಡು ನೋಡಬೇಡ, ಅರಳುವುದನ್ನು ನೋಡು. ಅತಿಯಾಗಿ ಒಣಗಿತೆಂದು ಸೇಬಿನ ಚೂರು, ಆಲೂಗಡ್ಡೆ ಹಾಕಿಡುವವರಿದ್ದಾರೆ. ನಮ್ಮ ಹವೆಯಲ್ಲಿ ಅದು ಬೂಷ್ಟಿಗೆ ಕೊಡುವ ಆಮಂತ್ರಣ. ತಟ್ಟೆಯನ್ನು ಮಳೆಗಾಲದ ಕೋಣೆಯಲ್ಲಿ ಒಂದು ತಾಸು ತೆರೆದಿಟ್ಟರೆ ತಾನಾಗೇ ಸರಿಹೋಗುತ್ತದೆ.

ಉಳಿದ ತಂಬಾಕನ್ನು ಇವತ್ತೇ ಕಿಟಕಿಯಿಂದ ತೆಗೆ. ಮುಚ್ಚಳಕ್ಕೆ ರಬ್ಬರಿನ ಸುತ್ತು ಇರುವ ಗಾಜಿನ ಬಾಟಲಿ ಬೇಕು, ದೊಡ್ಡದೊಂದಕ್ಕಿಂತ 50 ಗ್ರಾಂ ಹಿಡಿಯುವ ಸಣ್ಣವು ಮೂರು ನಾಲ್ಕು ಒಳ್ಳೆಯದು. ಒಂದನ್ನು ತೆರೆದಾಗ ಉಳಿದವು ಮುಚ್ಚಿಯೇ ಇರುತ್ತವೆ. ಉಪ್ಪಿನಕಾಯಿ ಇದ್ದ ಬಾಟಲಿ ಬೇಡ. ಎಷ್ಟು ತೊಳೆದರೂ ಅಪ್ಪೆಮಿಡಿಯ ಪರಿಮಳ ರಬ್ಬರಿನಿಂದ ಹೋಗುವುದಿಲ್ಲ. ಒಣಮೀನು, ಡಾಂಬರು ಗುಳಿಗೆ, ಊದಿನಕಡ್ಡಿ ಇರುವ ಕಪಾಟೂ ಬೇಡ. ಬಾಟಲಿಗೆ ತುಂಬುವಾಗಲೇ ತುಂಬಾ ಒದ್ದೆಯಿದ್ದರೆ ಮೊದಲು ಅರ್ಧ ಹದಕ್ಕೆ ಒಣಗಿಸಿಕೋ. ಬೂಷ್ಟು ಬಂದರೆ ಹತ್ತಿಯ ಹಾಗೆ, ಜೇಡರ ಬಲೆಯ ಹಾಗೆ ಎಳೆಗಳ ನಡುವೆ ಹಬ್ಬಿರುತ್ತದೆ, ಮುಗ್ಗಲು ವಾಸನೆಯೂ ಬರುತ್ತದೆ. ಮೇಲಿನದನ್ನು ತೆಗೆದು ಕೆಳಗಿನದು ಸೇದುತ್ತೇನೆ ಅನ್ನಬೇಡ, ಇಡೀ ಬಾಟಲಿಯನ್ನು ಗೊಬ್ಬರದ ಗುಂಡಿಗೆ ಸುರಿ.

ಇನ್ನು ತುಂಬುವುದು. ಪೈಪಿನ ಬಟ್ಟಲನ್ನು ಮೂರು ಚಿಟಿಕೆಯಲ್ಲಿ ತುಂಬು. ಮೊದಲನೆಯದು ತಾನಾಗೇ ಬೀಳಲಿ, ಬೆರಳು ತಾಗಿಸಬೇಡ. ಎರಡನೆಯದನ್ನು ಮಗುವಿನ ಕೆನ್ನೆ ಮುಟ್ಟಿದಷ್ಟು ಒತ್ತು. ಮೂರನೆಯದನ್ನು ಸ್ವಲ್ಪ ಬಿಗಿಯಾಗಿ. ಅಂಚಿನಿಂದ ಎರಡು ಮೂರು ಮಿಲಿಮೀಟರ್ ಕೆಳಗೆ ನಿಲ್ಲಲಿ. ಬೆಂಕಿ ಹಚ್ಚುವ ಮೊದಲು ಒಮ್ಮೆ ಎಳೆದು ನೋಡು: ಎಳನೀರಿಗೆ ಹಾಕಿದ ಕೊಳವೆಯಲ್ಲಿ ನೀರು ಬರುವಷ್ಟು ಸಣ್ಣ ತಡೆ ಇರಬೇಕು. ಗಂಜಿಯನ್ನು ಕೊಳವೆಯಲ್ಲಿ ಎಳೆದ ಹಾಗೆ ಬಿಗಿಯಾದರೆ ಎಲ್ಲ ಸುರಿದು ಮತ್ತೆ ತುಂಬು. ಮೇಲಿಂದ ಕಡ್ಡಿ ಚುಚ್ಚಿ ಸರಿಮಾಡಿದ್ದು ಹತ್ತು ನಿಮಿಷ ಬಾಳುವುದಿಲ್ಲ. ಗ್ರೇಂಜರ್ ಥರ ದಪ್ಪವಾಗಿ ಕತ್ತರಿಸಿದ್ದು ನಿಧಾನ ಉರಿಯುತ್ತದೆ, ಹೊಸಬರಿಗೆ ಅದೇ ಸಲೀಸು. ಸಣ್ಣ ಎಳೆಯದು ಬೇಗ ಕಾಯುತ್ತದೆ.

ಬೆಂಕಿಕಡ್ಡಿಯೇ ಒಳ್ಳೆಯದು. ಪೆಟ್ರೋಲ್ ಲೈಟರಿನ ವಾಸನೆ ಮೊದಲ ಹತ್ತು ಎಳೆತವನ್ನು ಕೆಡಿಸುತ್ತದೆ. ಕಡ್ಡಿಪೆಟ್ಟಿಗೆ ಮಳೆಗಾಲದಲ್ಲಿ ಮೆತ್ತಗಾಗುತ್ತದಲ್ಲ, ಮುಚ್ಚಳದ ಡಬ್ಬಿಯಲ್ಲಿಡು. ಗೀರಿದ ಮೇಲೆ ತಲೆಯ ಮದ್ದು ಉರಿದು ಮುಗಿಯುವವರೆಗೆ ಕಾದು, ಜ್ವಾಲೆಯನ್ನು ಮೇಲ್ಮೈಯಲ್ಲಿ ಸುತ್ತಿಸುತ್ತಾ ಮೆಲ್ಲಗೆ ಎಳೆ. ಎಳೆಗಳು ಎದ್ದು ನಿಲ್ಲುತ್ತವೆ, ಆಮೇಲೆ ಆರಿಹೋಗುತ್ತದೆ. ಆರಲಿ. ಟ್ಯಾಂಪರಿನಿಂದ (ತಂಬಾಕು ಒತ್ತುವ ಸಣ್ಣ ಸಾಧನ), ಇಲ್ಲದಿದ್ದರೆ ದೊಡ್ಡ ಮೊಳೆಯ ಚಪ್ಪಟೆ ತಲೆಯಿಂದ, ಆ ಕಪ್ಪು ಪದರವನ್ನು ತನ್ನ ಭಾರದಷ್ಟೇ ಒತ್ತಿ ಸಮ ಮಾಡು. ಎರಡನೇ ಸಲ ಹಚ್ಚಿದ್ದೇ ನಿಜವಾದ ಬೆಂಕಿ.

ಆಮೇಲೆ ನಿನ್ನ ಅವಸರದ ವಿಚಾರ. ಬರ್ಲಿಯ ರುಚಿ ತಣ್ಣಗೆ ಸೇದಿದಾಗ ಮಾತ್ರ ಬರುತ್ತದೆ. ಅರ್ಧ ನಿಮಿಷಕ್ಕೊಂದು ಸಣ್ಣ ಎಳೆತ, ಬಿಸಿ ಕಷಾಯ ಗುಟುಕರಿಸಿದ ಹಾಗೆ. ಹೊಗೆ ದಟ್ಟವಾಗಿ ಬರಲಿಲ್ಲವೆಂದು ಜೋರಾಗಿ ಎಳೆದರೆ ಕೆಂಡ ಕೆರಳಿ ರುಚಿ ಸುಟ್ಟ ಕಾಗದದ್ದಾಗುತ್ತದೆ. ಪೈಪನ್ನು ಕೆನ್ನೆಗೆ ಹಿಡಿದು ನೋಡು. ಹಿಡಿಯಲಾಗದಷ್ಟು ಬಿಸಿಯಿದ್ದರೆ ಕೆಳಗಿಡು, ಆರಿದರೆ ಐದು ನಿಮಿಷ ಬಿಟ್ಟು ಮತ್ತೆ ಹಚ್ಚು. ಐದಾರು ಸಲ ಹಚ್ಚಬೇಕಾದರೂ ಅದರಲ್ಲಿ ತಪ್ಪೇನಿಲ್ಲ. ಸಂಜೆ ಕಡಲ ಗಾಳಿಗೆ ಮುಖ ಕೊಟ್ಟು ಸೇದುವುದು ಬೇಡ, ಆ ಗಾಳಿ ತಿದಿ ಒತ್ತಿದ ಹಾಗೆ ಕೆಂಡವನ್ನು ಊದುತ್ತದೆ. ಬೀಚಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಹೇಗೂ ಬೇಡ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ನಮ್ಮ ರಾಜ್ಯದಲ್ಲಿ ಈಗ ದಂಡ 1000 ರೂಪಾಯಿಯವರೆಗಿದೆ. ಮನೆಯ ಹಿತ್ತಲಿನಲ್ಲಿ, ಮಕ್ಕಳು ಇಲ್ಲದ ಕಡೆ ಕೂರು.

ಗುಳುಗುಳು ಸದ್ದು ಬಂದರೆ ಎಳೆಯುವುದನ್ನು ನಿಲ್ಲಿಸಿ ಪೈಪ್ ಕ್ಲೀನರನ್ನು (ನೂಲು ಸುತ್ತಿದ ತಂತಿ) ಕೊಳವೆಯೊಳಗೆ ತಳದವರೆಗೆ ತಳ್ಳಿ ಹತ್ತು ಸೆಕೆಂಡು ಬಿಡು, ಕಂದು ನೀರು ಹೀರಿಕೊಂಡು ಬರುತ್ತದೆ. ಕಚ್ಚುವ ತುದಿಯನ್ನು ಪೈಪು ಬಿಸಿಯಿರುವಾಗ ಎಳೆದು ತೆಗೆಯಬೇಡ, ಕೂಡುವ ಜಾಗ ಸೀಳುತ್ತದೆ. ತಳದಲ್ಲಿ ಒದ್ದೆ ತಂಬಾಕು ಉಳಿದರೆ ಅದನ್ನು ಸುಟ್ಟೇ ತೀರಬೇಕೆಂಬ ಹಟ ಬೇಡ. ಚೆನ್ನಾಗಿ ಒಣಗಿಸಿದ ಬರ್ಲಿ ಬಿಳಿಬೂದು ಬಣ್ಣದ ಹಗುರ ಬೂದಿಯಾಗಿ ಮುಗಿಯುತ್ತದೆ, ತಳದಲ್ಲಿ ಕಪ್ಪು ಮುದ್ದೆ ಉಳಿಯುವುದೇ ಕಡಿಮೆ. ಒಣಗಿಸಿದ್ದು ಸಾಕಾಯಿತೋ ಇಲ್ಲವೋ ಎಂಬುದಕ್ಕೆ ಈ ಬೂದಿಯೇ ಸಾಕ್ಷಿ.

ಪೈಪಿನ ಬಗ್ಗೆ ಕೇಳಿದ್ದೀಯ. ನಿನ್ನ ಹತ್ತಿರ ಇರುವ ಜೋಳದ ದಿಂಡಿನ ಪೈಪೇ ಬರ್ಲಿಗೆ ಹೇಳಿ ಮಾಡಿಸಿದ್ದು. ಅಮೆರಿಕದ ಮಿಸೌರಿಯಲ್ಲಿ 1869ರಿಂದ ಅವನ್ನು ಮಾಡುತ್ತಿದ್ದಾರೆ. ದಿಂಡು ತಾನೂ ಸ್ವಲ್ಪ ಪಸೆ ಹೀರುತ್ತದೆ, ಆದ್ದರಿಂದ ಹೊಗೆ ಒಣಗಿ ಬರುತ್ತದೆ. ಒಂದೇ ಕಿರಿಕಿರಿ: ಮರದ ಕೊಳವೆಯ ತುದಿ ಬಟ್ಟಲಿನೊಳಗೆ ಚಾಚಿಕೊಂಡಿರುತ್ತದೆ, ಮೊದಲ ಕೆಲವು ಸಲ ಆ ಮರ ಕರಟಿದ ವಾಸನೆ ಬರುತ್ತದೆ. ಶುರುವಿನಲ್ಲಿ ಅರ್ಧವೇ ತುಂಬಿ ಸೇದಿದರೆ ಅದು ಬೇಗ ಕಪ್ಪಾಗಿ ಸುಮ್ಮನಾಗುತ್ತದೆ. ಸೇದಿದ ಮೇಲೆ ಒಳಗೆ ಕಾಗದದ ಸುರುಳಿ ತಿರುಗಿಸಿ ಒರೆಸು; ನೀರು, ಸ್ಪಿರಿಟ್ಟು ಸುರಿಯಬೇಡ, ದಿಂಡು ಉಬ್ಬುತ್ತದೆ. ಬ್ರಯರ್ ಬೇರಿನ ಪೈಪಾದರೆ ಒಳಗಿನ ಇದ್ದಿಲ ಪದರವನ್ನು ಒಂದು ಮಿಲಿಮೀಟರಿನ ಆಸುಪಾಸಿನಲ್ಲೇ ಇಟ್ಟುಕೊಳ್ಳಬೇಕು, ದಪ್ಪವಾದರೆ ಕಾದು ಹಿಗ್ಗಿ ಬಟ್ಟಲನ್ನೇ ಸೀಳುತ್ತದೆ. ಯಾವ ಪೈಪಾದರೂ ಒಮ್ಮೆ ಸೇದಿದ ಮೇಲೆ ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಎರಡು ಮೂರು ದಿನ ಬಿಡುವು ಕೊಡು. ಮುಚ್ಚಿದ ಡ್ರಾವರಿನಲ್ಲಿ ಇಟ್ಟರೆ ಪೈಪಿಗೇ ಬೂಷ್ಟು ಹಿಡಿಯುತ್ತದೆ.

ತಲೆ ತಿರುಗುವ ಮಾತಿಗೆ ಮತ್ತೆ ಬರುತ್ತೇನೆ, ಯಾಕೆಂದರೆ ಅದನ್ನು ನೀನು ಹಗುರವಾಗಿ ಬರೆದಿದ್ದೀಯ. ಖಾಲಿ ಹೊಟ್ಟೆಯಲ್ಲಿ ಬರ್ಲಿ ಮುಟ್ಟಬೇಡ. ಬಿಕ್ಕಳಿಕೆ ಬಂತೆಂದರೆ, ಬಾಯಲ್ಲಿ ನೀರೂರಿತೆಂದರೆ ಅಲ್ಲಿಗೆ ನಿಲ್ಲಿಸು. ವಾಕರಿಕೆ ಅದರ ಹಿಂದೆಯೇ ಬರುತ್ತದೆ. ಕೂತುಕೊಂಡು ಬೆಲ್ಲ-ನೀರು ಕುಡಿ, ಬೈಕು ಹತ್ತಬೇಡ. ನೀನು ಹೊಗೆಸೊಪ್ಪು ಹಾಕಿದ ಕವಳವನ್ನೂ ಬಿಟ್ಟಿಲ್ಲವಲ್ಲ, ಕವಳ ಉಗಿದ ಕೂಡಲೇ ಪೈಪು ಹಚ್ಚಿದರೆ ಒಂದೇ ಬಾಯಿಗೆ ಎರಡು ಕಡೆಯಿಂದ ನಿಕೋಟಿನ್. ಹೊಗೆಯನ್ನು ಎದೆಗೆ ಎಳೆಯದಿದ್ದರೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯ ಪೈಪಿನಲ್ಲೂ ಇದ್ದೇ ಇದೆ. ಕವಳದ ಹೊಗೆಸೊಪ್ಪು ಆ ಅಪಾಯವನ್ನು ಏರಿಸುತ್ತದೆ. ಎರಡರಲ್ಲಿ ಒಂದನ್ನಾದರೂ ಬಿಡು ಅಂತ ಗೆಳೆಯನಾಗಿ ಕೇಳುತ್ತೇನೆ. ಎರಡನ್ನೂ ಬಿಟ್ಟರೆ ಈ ಪತ್ರ ವ್ಯರ್ಥವಾಯಿತೆಂದು ನನಗೇನೂ ಬೇಜಾರಿಲ್ಲ. ಸೇದುವುದೇ ಆದರೆ ವಾರಕ್ಕೆ ಒಂದೆರಡು ಸಲ, ಅರ್ಧ ಬಟ್ಟಲು.

ಪೊಟ್ಟಣ ಮುಗಿದಾಗ ನಿಪ್ಪಾಣಿಯ ಬೀಡಿ ತಂಬಾಕನ್ನು ಪೈಪಿಗೆ ಹಾಕಬಹುದೇ ಅಂತಲೂ ಕೇಳಿದ್ದೀಯ. ಬೇಡ. ಅದು ಬಿಸಿಲಲ್ಲಿ ಒಣಗಿಸಿದ ಖಾರದ ಎಲೆ, ರವೆಯ ಹಾಗೆ ಪುಡಿ. ರಂಧ್ರ ಕಟ್ಟಿಕೊಳ್ಳುತ್ತದೆ, ಪುಡಿ ಬಾಯಿಗೆ ಬರುತ್ತದೆ. ಕವಳದ ಹೊಗೆಸೊಪ್ಪೂ ಬೇಡ. ಗಲ್ಫಿನಿಂದ ಬರುವವರ ಹತ್ತಿರ ತರಿಸುವುದಾದರೆ, ಒಬ್ಬ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ತಂಬಾಕು 125 ಗ್ರಾಂ ಎಂಬುದು ನೆನಪಿರಲಿ, ಅವರನ್ನು ಕಸ್ಟಮ್ಸಿನಲ್ಲಿ ಸಿಕ್ಕಿಸಬೇಡ.

ಮುಂದಿನ ಸಲ ಹಚ್ಚಿದಾಗ ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆದಿಡು: ಎಷ್ಟು ನಿಮಿಷ ಒಣಗಿಸಿದೆ, ಎಷ್ಟು ಸಲ ಕಡ್ಡಿ ಗೀರಿದೆ, ಕೊನೆಗೆ ಬೂದಿಯ ಬಣ್ಣ ಏನಿತ್ತು. ಅದನ್ನು ಕಳಿಸು, ಉಳಿದದ್ದನ್ನು ನೋಡಿ ಹೇಳುತ್ತೇನೆ.

ನಿನ್ನ ಗೆಳೆಯ