3ಎ ಕಾಳುಗಳ ಸಂಸ್ಕರಣೆಯಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯರೇ,

ಎಥೆನಾಲ್ ಆವಿಯಿಂದ ನೀರು ತೆಗೆಯಲು ನಿಮ್ಮ ಡಿಸ್ಟಿಲರಿಗಳಿಗೆ ನಾವು ಒದಗಿಸುವ 3ಎ ಮಾಲಿಕ್ಯುಲರ್ ಸೀವ್ ಕಾಳುಗಳನ್ನು (ಅತಿ ಸಣ್ಣ ರಂಧ್ರಗಳಿಂದ ಅಣುಗಳನ್ನು ಜರಡಿ ಹಿಡಿಯುವ, ಜಿಯೊಲೈಟ್ ಎಂಬ ವಸ್ತುವಿನ ಕಾಳುಗಳು) ಮುಂದಿನ ತಿಂಗಳಿಂದ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಎರಡು ಸಲದ ಬದಲು ಒಂದೇ ಸಲ ತೊಳೆದು ಕಳುಹಿಸಲಿದ್ದೇವೆ. ಕಾಳುಗಳಲ್ಲಿ ದೋಷ ಕಂಡು ಮಾಡಿದ ಬದಲಾವಣೆ ಇದಲ್ಲ. ಎರಡು ಸಲ ತೊಳೆದು ನಡುವೆ ಕಾಯಿಸುವ ವಿಧಾನಕ್ಕೆ ಬೇರೊಂದು ಕಂಪನಿಗೆ ಪೇಟೆಂಟ್ ಮಂಜೂರಾಗಿದೆ.

3ಎ ಕಾಳಿಗೆ ಮೂಲವಾದ 4ಎ ಕಾಳಿನ ಸೋಡಿಯಂನಲ್ಲಿ ಒಂದು ಪಾಲು ಹೋಗಿ ಆ ಜಾಗಕ್ಕೆ ಪೊಟ್ಯಾಸಿಯಂ ಬಂದಾಗ ರಂಧ್ರ ಸುಮಾರು 3 ಆಂಗ್‌ಸ್ಟ್ರಾಮ್‌ಗೆ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಕಿರಿದಾಗುತ್ತದೆ. ನೀರು ಒಳಗೆ ಹೋಗುತ್ತದೆ, ಎಥೆನಾಲ್ ಹೊರಗೇ ಉಳಿಯುತ್ತದೆ. ಇದು ಹೊಸ ಸಂಗತಿಯಲ್ಲ. ರಸಾಯನ ವಿಜ್ಞಾನಿ ರಾಬರ್ಟ್ ಮಿಲ್ಟನ್ ಅವರ 1959ರ ಅಮೆರಿಕದ ಪೇಟೆಂಟಿನಲ್ಲಿಯೇ ಈ ವಿನಿಮಯದ ವಿವರಣೆ ಇದೆ. ನಾವು ಎರಡನೆಯ ತೊಳೆತಕ್ಕೆ ಬಂದದ್ದು ಹೀಗೆ: ಮೊದಲ ತೊಟ್ಟಿಯ ದ್ರಾವಣವನ್ನು ಪರೀಕ್ಷಿಸಿದಾಗ ಅದರಲ್ಲಿ ಕಾಳು ಬಿಟ್ಟ ಸೋಡಿಯಂ ತುಂಬಿಕೊಂಡಿತ್ತು, ವಿನಿಮಯ ಅಲ್ಲಿಗೇ ನಿಂತಿತ್ತು, ಅದನ್ನು ಚೆಲ್ಲಿ ಹೊಸ ದ್ರಾವಣ ಬಿಟ್ಟಾಗ ಮುಂದುವರಿಯಿತು. ಅಕ್ಕಿ ತೊಳೆಯುವವರು ಎರಡನೆಯ ನೀರು ಹಾಕುವುದೂ ಇದೇ ಕಾರಣಕ್ಕೆ.

ಭಾರತದ ಪೇಟೆಂಟ್ ಕಾಯ್ದೆಯ 2(1)(ಜೆಎ) ಕಲಮಿನ ಪ್ರಕಾರ ಆವಿಷ್ಕಾರವು ಆ ಕಸುಬು ಬಲ್ಲವನಿಗೆ ಸಹಜವಾಗಿ ಹೊಳೆಯುವಂಥದ್ದಾಗಿರಕೂಡದು. ಪಾತ್ರೆ ತಯಾರಿಕೆಯ ಯಂತ್ರವೊಂದರ ವ್ಯಾಜ್ಯದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್, ಕಾರ್ಖಾನೆಯಲ್ಲಿ ಮಾಡಿಕೊಳ್ಳುವ ಸಾಮಾನ್ಯ ಸುಧಾರಣೆಗಿಂತ ಮಿಗಿಲಾದುದು ಬೇಕೆಂದು ಹೇಳಿತು. ಈ ಆಧಾರದ ಮೇಲೆ, ಮಂಜೂರಾತಿ ಪ್ರಕಟವಾದ ಒಂದು ವರ್ಷದೊಳಗೆ ಸಲ್ಲಿಸಬೇಕಾದ ಆಕ್ಷೇಪಣೆಯನ್ನು ಸಲ್ಲಿಸಿದ್ದೇವೆ. ಎದುರು ಪಕ್ಷದ ವಾದವನ್ನೂ ನಿಮಗೆ ಹೇಳಬೇಕು. ನಡುವೆ ಕಾಯಿಸುವ ಕ್ರಮ ವೈ ಬಗೆಯ ಜಿಯೊಲೈಟ್‌ಗಳಲ್ಲಿ ಹಳೆಯದಾದರೂ, ಸೋಡಿಯಂ ಸುಲಭವಾಗಿ ಬಿಡುವ, ನಮ್ಮ ಕಾಳುಗಳು ಸೇರಿದ ಎ ಬಗೆಯಲ್ಲಿ ಅದನ್ನು ಮಾಡಲು ಯಾರಿಗೂ ಕಾರಣವಿರಲಿಲ್ಲ ಎನ್ನುತ್ತಾರೆ. ಈ ಮಾತನ್ನು ಹಗುರವಾಗಿ ಕಾಣುವಂತಿಲ್ಲ. ವಾದದ ನಿಜವಾದ ತೂಕ ಇರುವುದು ಇಲ್ಲಿಯೇ. ಆದರೂ ಒಂದು ಜಿಯೊಲೈಟ್‌ನಲ್ಲಿ ಬಳಕೆಯಲ್ಲಿರುವ ಉಪಾಯವನ್ನು ಇನ್ನೊಂದರಲ್ಲಿ ಪ್ರಯತ್ನಿಸಿ ನೋಡುವುದು ನಮ್ಮ ಕಸುಬಿನ ದಿನನಿತ್ಯದ ಕೆಲಸವೆಂದೇ ನಮ್ಮ ದೃಢ ಅಭಿಪ್ರಾಯ.

ಹಾಗಿದ್ದೂ ಎರಡನೆಯ ತೊಳೆತವನ್ನು ಈಗಲೇ ನಿಲ್ಲಿಸುವುದು ಏಕೆಂದರೆ, ಕಾಯ್ದೆಯ 48ನೆಯ ಕಲಮಿನಂತೆ ವಿಧಾನದ ಪೇಟೆಂಟ್ ಆ ವಿಧಾನದಿಂದ ನೇರವಾಗಿ ತಯಾರಾದ ಸರಕಿನ ಮಾರಾಟ ಮತ್ತು ಬಳಕೆಗೂ ಅನ್ವಯಿಸುತ್ತದೆ. ನಮ್ಮ ನಂಬಿಕೆಯ ಭಾರವನ್ನು ನಿಮ್ಮ ಟವರ್‌ಗಳ ಮೇಲೆ ಹೊರಿಸಲು ನಮಗೆ ಮನಸ್ಸಿಲ್ಲ. ಈಗಾಗಲೇ ತುಂಬಿಸಿರುವ ಕಾಳುಗಳ ಬಗ್ಗೆ ನಿಮಗೆ ಯಾವುದೇ ನೋಟಿಸ್ ಬಂದರೆ ದಯವಿಟ್ಟು ನಮಗೆ ಕಳುಹಿಸಿ. ಉತ್ತರಿಸುವ ಹೊಣೆ ನಮ್ಮದು.

ಹೊಸ ಕಾಳುಗಳಲ್ಲಿ ಪೊಟ್ಯಾಸಿಯಂ ಸ್ವಲ್ಪ ಕಡಿಮೆ ಇರುವುದರಿಂದ, ರೀಜನರೇಶನ್ (ಕಾಳು ಹೀರಿದ್ದನ್ನು ಹೊರಹಾಕಿ ಮತ್ತೆ ಸಿದ್ಧಗೊಳಿಸುವ ಹಂತ) ವೇಳೆ ಹಿಂದಿರುಗುವ ದ್ರವದಲ್ಲಿ ಎಥೆನಾಲ್ ಪಾಲು ಮೊದಲಿಗಿಂತ ಹೆಚ್ಚಾಗಬಹುದು. ಮೊದಲ ಕೆಲವು ಸೈಕಲ್‌ಗಳಲ್ಲಿ ಅದನ್ನು ಅಳೆದು ನಮಗೆ ತಿಳಿಸಿ. ಹಳೆಯ ಮತ್ತು ಹೊಸ ಕಾಳುಗಳನ್ನು ಒಂದೇ ಬೆಡ್‌ನಲ್ಲಿ ಬೆರೆಸಬೇಡಿ. ಎರಡನೆಯ ತೊಳೆತದ ಖರ್ಚನ್ನು ದರದಲ್ಲಿ ಕಳೆದಿದ್ದೇವೆ.

ಇಂತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕರು